ಎತ್ತಿದ ತಟ್ಟೆ ಕೆಳಗಿಟ್ಟರಲ್ಲ, ಅದನ್ನು ನೋಡಿ

ನಿಮ್ಮ ಪತ್ರ ಓದಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೂ ಸಾಕು, ನಿಮ್ಮ ಯಜಮಾನರು ತಟ್ಟೆ ಎಸೆಯುತ್ತಾರೆ. ಆಮೇಲೆ ಹಿತ್ತಲಲ್ಲಿ ಕೂತು ಅಳುತ್ತಾರೆ. ಮನೋವೈದ್ಯರು ಫ್ಲೂಕ್ಸೆಟಿನ್ ಅನ್ನುವ ಮಾತ್ರೆ ಕೊಟ್ಟು ಐದು ವಾರವಾಗಿದೆ. ಮೆಡಿಕಲ್ ಶಾಪ್ ಇಟ್ಟಿರುವ ಮೈದುನ, ‘ಮಿದುಳು ಮಂಕಾಗುತ್ತೆ, ಬಿಡಿಸಿ ಅತ್ತಿಗೆ’ ಅಂದಿದ್ದಾರೆ. ನಿಲ್ಲಿಸಲಾ ಅಂತ ಕೇಳಿದ್ದೀರಿ.

ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ: ‘ಮೊನ್ನೆ ತಟ್ಟೆ ಎತ್ತಿದವರು ಹಾಗೇ ಕೆಳಗಿಟ್ಟು ಹೊರಗೆ ಹೋದರು, ಮೊದಲಿನ ಹಾಗಿಲ್ಲ.’ ಇದನ್ನು ದೂರಿನ ಹಾಗೆ ಬರೆದಿದ್ದೀರಲ್ಲ! ಮಾತ್ರೆಯಿಂದ ನಾವು ಬಯಸುವುದೇ ಇದು.

ಮಿದುಳಿನ ಒಳಗೆ ಬಾದಾಮಿಯಷ್ಟು ದೊಡ್ಡ ಅಮಿಗ್ಡಲಾ ಅನ್ನುವ ಭಾಗವಿದೆ. ಅಪಾಯ ಅನ್ನಿಸಿದ ಕೂಡಲೇ ಕೆರಳುತ್ತದೆ. ಹಣೆಯ ಹಿಂದಿನ ಭಾಗ ಅದನ್ನು ತಡೆಯಬೇಕು. ಇಂಥ ಸಿಟ್ಟಿನವರಲ್ಲಿ ಈ ತಡೆ ಸಡಿಲ. ಆ ತಡೆಗೆ ನೆರವಾಗುವ ಸೆರೊಟೊನಿನ್ ಅನ್ನುವ ರಾಸಾಯನಿಕ ನರಕೋಶಗಳ ನಡುವೆ ಹೆಚ್ಚು ಹೊತ್ತು ಉಳಿಯುವಂತೆ ಈ ಮಾತ್ರೆ ಮಾಡುತ್ತದೆ. ಗುಣ ಕಾಣಲು ವಾರಗಳೇ ಬೇಕು. ಚಟ ಹತ್ತುವ ಮಾತ್ರೆಯೂ ಅಲ್ಲ.

ಎಲ್ಲರಿಗೂ ಗುಣವಾಗುತ್ತೆ ಅಂತ ಸುಮ್ನೆ ಹೇಳಲಾರೆ. ಅಮೆರಿಕದ ಮನೋವೈದ್ಯ ಎಮಿಲ್ ಕೊಕಾರೊ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಸಿಟ್ಟಿನ 100 ಜನರಿದ್ದರು. ಫ್ಲೂಕ್ಸೆಟಿನ್ ಪಡೆದವರಲ್ಲಿ ಸಿಟ್ಟು ಪೂರ್ತಿ ಅಥವಾ ಅರೆಬರೆ ಹತೋಟಿಗೆ ಬಂದದ್ದು ಶೇ 46ರಷ್ಟು ಮಂದಿಗೆ. ನಿಮ್ಮವರಿಗೆ ಹಿಡಿಯುತ್ತಿರುವ ಲಕ್ಷಣವಿದೆ, ಕೈಚೆಲ್ಲಬೇಡಿ.

ನನಗೆ ಕೋಪ ಬಂದದ್ದು ಮೈದುನನ ಮೇಲೆ. ಮಾತ್ರೆ ಮಾರುವವರು ಮಾತ್ರೆ ಬಿಡಿಸಬಾರದು. ನೂರು ಸಲ ಬರೆದಿದ್ದೇನೆ, ಮತ್ತೂ ಬರೆಯುತ್ತೇನೆ. ದಿಢೀರ್ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ ಬರಬಹುದು, ಹಳೆಯ ಸಿಟ್ಟು ಮರಳಬಹುದು. ಹಾಗಂತ ಮಂಕು ಅನ್ನುವುದು ಪೂರ್ತಿ ಸುಳ್ಳಲ್ಲ. ಕೆಲವರಿಗೆ ಖುಷಿ, ದುಃಖ ಎರಡೂ ಸಪ್ಪೆ ಅನಿಸುತ್ತವೆ. ಅದಕ್ಕೆ ವೈದ್ಯರು ಡೋಸ್ ಬದಲಿಸುತ್ತಾರೆ. ಚಡಪಡಿಕೆ ಹೆಚ್ಚಿದರೆ, ಸಾಯುವ ಮಾತು ಬಂದರೆ ಅವತ್ತೇ ವೈದ್ಯರಿಗೆ ತಿಳಿಸಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಮೇಲೋ ಮಗಳ ಮೇಲೋ ಕೈ ಎತ್ತಿದರೆ ಮಾತ್ರೆಯ ವಿಚಾರ ಆಮೇಲೆ. ಮೊದಲು ಮನೆಯಿಂದ ಹೊರಬಂದು 112ಕ್ಕೆ ಫೋನ್ ಮಾಡಿ.

ಈಗ ಒಂದೇ ಕೆಲಸ. ಮಾತ್ರೆ ನಿಲ್ಲಿಸದೆ ಈ ವಾರ ಇಬ್ಬರೂ ಅದೇ ವೈದ್ಯರ ಹತ್ತಿರ ಹೋಗಿ. ಮಂಕಿನ ವಿಷಯ ನಿಮ್ಮ ಯಜಮಾನರೇ ಹೇಳಲಿ. ತಟ್ಟೆ ಕೆಳಗಿಟ್ಟದ್ದನ್ನು ಅವರ ಎದುರಿಗೇ ನೀವು ಹೇಳಿ.