ತುಮಕೂರಿನಲ್ಲಿ ಕಾರ್ಮಿಕ ಪರಿಹಾರದ ಪ್ರಕರಣಗಳನ್ನೇ ನಂಬಿ ವಕೀಲಿಕೆ ಮಾಡಬಹುದೇ?

ಕಾನೂನು ಪದವಿಯ ಕೊನೆಯ ವರ್ಷದಲ್ಲಿರುವ ತಾವು, ತುಮಕೂರಿನಲ್ಲಿ ಕಾರ್ಮಿಕ ಪರಿಹಾರದ (ಕೆಲಸದಲ್ಲಿ ಗಾಯಗೊಂಡ ಅಥವಾ ಮೃತಪಟ್ಟವರಿಗೆ ಸಿಗಬೇಕಾದ ಪರಿಹಾರದ) ಪ್ರಕರಣಗಳನ್ನಷ್ಟೇ ನಡೆಸಿ ಬದುಕಬಹುದೇ, ಸಿವಿಲ್ ದಾವೆಗಳನ್ನೂ ಕಲಿಯಬೇಕೇ ಎಂದು ಕೇಳಿದ್ದೀರಿ. ಎರಡನ್ನೂ ನಡೆಸುವ ವಕೀಲನಾಗಿ ನಾನು ಹೇಳುವುದಾದರೆ, ಸಿವಿಲ್ ದಾವೆಗಳಿಂದಲೇ ಆರಂಭಿಸಿ. ಪರಿಹಾರದ ಅರ್ಜಿ ನಿಲ್ಲುವುದೂ ಬೀಳುವುದೂ ಸಾಕ್ಷ್ಯದ ಮೇಲೆ. ಸಾಕ್ಷ್ಯ ಒದಗಿಸುವ ಕ್ರಮ ಕೈಗೆ ಹತ್ತುವುದು ಪಾಲಿನ ದಾವೆ, ನಿರ್ಬಂಧಕಾಜ್ಞೆಯ ದಾವೆಗಳಲ್ಲಿ.

ವಸಂತನರಸಾಪುರದಂತಹ ಕೈಗಾರಿಕಾ ಪ್ರದೇಶ ಪಕ್ಕದಲ್ಲಿದ್ದರೂ, ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವ ಕಾರ್ಮಿಕರು ಆ ವಿಮೆಯಿಂದಲೇ ಸೌಲಭ್ಯ ಪಡೆಯಬೇಕಾಗುತ್ತದೆ. ಹೀಗಾಗಿ ನಮ್ಮ ಬಳಿ ಬರುವವರಲ್ಲಿ ಲಾರಿ ಚಾಲಕರು, ಕ್ಲೀನರುಗಳು, ಸೆಂಟ್ರಿಂಗ್ ಕೆಲಸದವರೇ ಹೆಚ್ಚು. ಇವರ ಕೈಯಲ್ಲಿ ನೇಮಕಾತಿ ಪತ್ರ ಇರುವುದಿಲ್ಲ, ಕೂಲಿ ಮೇಸ್ತ್ರಿಯ ಮೂಲಕ ನಗದಾಗಿ ಬಂದಿರುತ್ತದೆ, ಮಾಲೀಕರು ‘ಈತ ನಮ್ಮ ಕೆಲಸದವನೇ ಅಲ್ಲ’ ಎಂದು ಆಕ್ಷೇಪಣೆ ಸಲ್ಲಿಸುತ್ತಾರೆ. ಸಾರುವೆಯಿಂದ ಬಿದ್ದವನನ್ನು ಆಸ್ಪತ್ರೆಗೆ ಸೇರಿಸುವಾಗ ‘ಮನೆಯಲ್ಲಿ ಬಿದ್ದದ್ದು’ ಎಂದು ಬರೆಸಿಬಿಟ್ಟರೆ, ಆ ಒಂದು ಸಾಲನ್ನು ವಿಮಾ ಕಂಪನಿಯ ವಕೀಲರು ಪಾಟೀಸವಾಲಿನಲ್ಲಿ ಮತ್ತೆ ಮತ್ತೆ ಓದಿಸುತ್ತಾರೆ. ಆದ್ದರಿಂದ ಕಕ್ಷಿದಾರರು ಬಂದ ದಿನವೇ ಆಸ್ಪತ್ರೆಯ ದಾಖಲೆ, ಪೊಲೀಸ್ ದೂರು, ಮೇಸ್ತ್ರಿಯ ಹಾಜರಿ ಪುಸ್ತಕ, ಮೊಬೈಲಿಗೆ ಬಂದ ಹಣದ ವಿವರಗಳನ್ನು ಹುಡುಕಿಸಬೇಕು.

ವೈದ್ಯರ ಸಾಕ್ಷ್ಯವೂ ಅಷ್ಟೇ ಮುಖ್ಯ. ಅಂಗದ ಊನದ ಪ್ರಮಾಣ ಬೇರೆ, ಗಳಿಕೆಯ ಸಾಮರ್ಥ್ಯದ ನಷ್ಟ ಬೇರೆ. ಎಡಗೈಯನ್ನು ಮೊಣಕೈಗಿಂತ ಮೇಲೆ ಕಳೆದುಕೊಂಡ ಬಡಗಿಯೊಬ್ಬರಿಗೆ ಆ ವೃತ್ತಿಯನ್ನು ಇನ್ನು ಮಾಡಲಾಗದು ಎಂಬ ಕಾರಣಕ್ಕೆ ಅದು ಪೂರ್ಣ ನಷ್ಟವೆಂದು ಸುಪ್ರೀಂ ಕೋರ್ಟ್ 1975ರಲ್ಲೇ ತೀರ್ಪಿತ್ತಿದೆ. ಆದರೂ ಎಷ್ಟೋ ಅರ್ಜಿಗಳಲ್ಲಿ ವೈದ್ಯರಿಗೆ ಆ ಪ್ರಶ್ನೆಯನ್ನೇ ಕೇಳಿರುವುದಿಲ್ಲ.

ಲೆಕ್ಕ ಕಷ್ಟದ್ದಲ್ಲ. 1923ರ ನೌಕರರ ಪರಿಹಾರ ಕಾಯ್ದೆಯಡಿ, 2020ರ ಜನವರಿಯಿಂದ ಪರಿಗಣಿಸುತ್ತಿದ್ದ ಗರಿಷ್ಠ ವೇತನ ತಿಂಗಳಿಗೆ 15,000 ರೂಪಾಯಿ. 30 ವರ್ಷದವರು ಮೃತಪಟ್ಟರೆ ಅದರ ಅರ್ಧವನ್ನು ಆ ವಯಸ್ಸಿಗೆ ನಿಗದಿಯಾದ 207.98ರಿಂದ ಗುಣಿಸಿದಾಗ 15,59,850 ರೂಪಾಯಿ ಆಗುತ್ತಿತ್ತು, ವಿಳಂಬಕ್ಕೆ ಶೇ. 12ರ ಬಡ್ಡಿ ಪ್ರತ್ಯೇಕ. ವಾಹನ ಅಪಘಾತವಾದರೆ ಕಾರ್ಮಿಕ ಪರಿಹಾರದ ಕಾನೂನು ಅಥವಾ ಮೋಟಾರು ವಾಹನ ಕಾಯ್ದೆ, ಎರಡರಲ್ಲಿ ಒಂದನ್ನಷ್ಟೇ ಆರಿಸಿಕೊಳ್ಳಬೇಕು. ತಪ್ಪು ಗಾಯಗೊಂಡ ಅಥವಾ ಮೃತಪಟ್ಟ ಚಾಲಕನದೇ ಆಗಿದ್ದಲ್ಲಿ ಮೊದಲನೆಯದೇ ಲೇಸು. 1923ರ ಕಾಯ್ದೆಯ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯನ್ನು ತಾವು ಮೂಲದಲ್ಲೇ ಓದಿಕೊಳ್ಳಿ. ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತಕ್ಕೂ, ಕೆಲಸದೊಂದಿಗೆ ಅದರ ನಂಟು ತೋರಿಸಿದರೆ, ಅದರಲ್ಲಿ ಅವಕಾಶವಿದೆ.

ಇನ್ನು ಸಂಪಾದನೆ. ಪರಿಹಾರದ ಮೊತ್ತದಲ್ಲಿ ಪಾಲು ಎಂದು ಶುಲ್ಕ ನಿಗದಿಪಡಿಸುವುದನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಅರ್ಜಿದಾರರಲ್ಲಿ ಮುಂಗಡ ಕೊಡುವ ಶಕ್ತಿಯೂ ಕಡಿಮೆ. ಮೊದಲ ವರ್ಷಗಳಲ್ಲಿ ಮನೆ ಬಾಡಿಗೆ ಕಟ್ಟಲು ನೆರವಾಗುವುದು ಸಿವಿಲ್ ದಾವೆಗಳೇ. ಸನ್ನದು ಪಡೆದ ಮೇಲೆ ಇವೆರಡೂ ಬಗೆಯ ಪ್ರಕರಣಗಳಿರುವ, ಕಿರಿಯರಿಗೆ ಸಾಕ್ಷಿಗಳ ವಿಚಾರಣೆ ಮಾಡಲು ಬಿಡುವ ಹಿರಿಯರ ಕಚೇರಿಯನ್ನು ಸೇರಿಕೊಳ್ಳಿ.