ನೆಲಕ್ಕೆ ಬೀಳದ ಚೆಂಡು ತಿರುಗುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮಕ್ಕ ಅಮೆರಿಕದಲ್ಲಿದ್ದಾಳೆ, ಅವಳ ಮಗ ಬೇಸ್‌ಬಾಲ್ ಆಡುತ್ತಾನೆ. ಅವರು ಕಳಿಸುವ ವಿಡಿಯೊ ನೋಡಿದರೆ ಚೆಂಡು ಪುಟಿಯುವುದೇ ಇಲ್ಲ. ಆದರೂ ಬ್ಯಾಟಿನ ಹತ್ತಿರ ಬಂದು ಗಪ್ಪನೆ ಕೆಳಗಿಳಿಯುತ್ತದೆ. ಇದು ಕಣ್ಣಿನ ಮೋಸವಾ?
– ಪಿಯುಸಿ ವಿದ್ಯಾರ್ಥಿ, ಗದಗ

ಉತ್ತರ: ಗದಗಿನವನಾಗಿ ಈ ಪ್ರಶ್ನೆ ಕೇಳಬಹುದಾ ತಮ್ಮಾ? ನಿಮ್ಮೂರಿನ ಸುನಿಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಮೇಲೆ 10 ಓವರ್ ಹಾಕಿ, ಬರೀ 6 ರನ್ ಕೊಟ್ಟು 5 ವಿಕೆಟ್ ಕಿತ್ತರು. ಅವರಂಥ ಎಡಗೈ ಸ್ಪಿನ್ನರ್ ಹಾಕಿದ ಚೆಂಡು ನೆಲಕ್ಕೆ ತಾಗುವ ಮೊದಲೇ ಗಾಳಿಯಲ್ಲಿ ಬಲಗೈ ಬ್ಯಾಟ್ಸ್‌ಮನ್ ಕಡೆಗೆ ಸರಿಯುತ್ತದೆ. ಕಾಮೆಂಟರಿಯವರು ಡ್ರಿಫ್ಟ್ ಅನ್ನುತ್ತಾರಲ್ಲ, ಅದೇ. ಬೇಸ್‌ಬಾಲಿನಲ್ಲಿ ಆಗುವುದೂ ಅದೇ, ಆದರೆ ಇನ್ನೂ ಜಾಸ್ತಿ.

ಗಿರಗಿರ ತಿರುಗುವ ಚೆಂಡು ಹಿಂದೆ ಬಿಟ್ಟುಹೋಗುವ ಗಾಳಿಯನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ. ಆ ಗಾಳಿ ಚೆಂಡನ್ನು ಇನ್ನೊಂದು ಪಕ್ಕಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೇ ನಿಯಮ, ನಿನ್ನ ಪುಸ್ತಕದಲ್ಲೇ ಇದೆ. ಜರ್ಮನಿಯ ಗುಸ್ಟಾವ್ ಮ್ಯಾಗ್ನಸ್ 1852ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದ. ಆತನ ತಲೆಯಲ್ಲಿದ್ದದ್ದು ಚೆಂಡಲ್ಲ, ದಾರಿ ಬಿಟ್ಟು ಹೋಗುವ ಫಿರಂಗಿ ಗುಂಡು!

ಮನೆಯಲ್ಲೇ ಮಾಡಿ ನೋಡು. ಒಂದು ಎ4 ಹಾಳೆಯನ್ನು ಕೊಳವೆ ಮಾಡಿ ಅಂಟಿಸು. ಪರೀಕ್ಷೆಯ ಪ್ಯಾಡನ್ನು ಮೇಜಿನ ಅಂಚಿಗೆ ಇಳಿಜಾರಾಗಿಟ್ಟು ಕೊಳವೆಯನ್ನು ಉರುಳಿಸು. ಫ್ಯಾನ್ ಬಂದ್ ಇರಲಿ. ಕೊಳವೆ ಮುಂದಕ್ಕೆ ಹಾರಿ ಬೀಳುತ್ತದೆ ಅಂದುಕೊಂಡಿರುತ್ತೀಯ. ಅದು ಅರ್ಧ ದಾರಿಯಲ್ಲಿ ಹಿಂದಕ್ಕೆ ತಿರುಗಿ ಮೇಜಿನ ಅಡಿಗೇ ಹೋಗುತ್ತದೆ. ನಾನು ಪಾಠ ಮಾಡುತ್ತಿದ್ದಾಗ ಇದನ್ನು ನೋಡಲು ಹಿಂದಿನ ಬೆಂಚಿನವರೂ ಎದ್ದು ಬರುತ್ತಿದ್ದರು.

ಈಗ ಚೆಂಡಿಗೆ ಬರೋಣ. ಅಮೆರಿಕದಿಂದ ಬಂದ ಒಂದು ಬೇಸ್‌ಬಾಲ್ ನನ್ನ ಮೇಜಿನ ಮೇಲಿದೆ. ತೂಕ ಸುಮಾರು 145 ಗ್ರಾಂ, ನಮ್ಮ ಲೆದರ್ ಬಾಲಿಗಿಂತ ಹಗುರ. ಕ್ರಿಕೆಟ್ ಚೆಂಡಿನ ಸೀಮ್ ನಡುವೆ ನೆಟ್ಟಗೆ ಸುತ್ತುತ್ತದೆ. ಇದರ ಹೊಲಿಗೆ ಕುದುರೆ ಲಾಳದ ಹಾಗೆ ಬಾಗಿ ಬಾಗಿ ಇಡೀ ಚೆಂಡನ್ನು ಬಳಸುತ್ತದೆ. ಕೆಂಪು ದಾರದ 108 ಜೋಡಿ ಹೊಲಿಗೆ, ಎಲ್ಲವೂ ಕೈಯಲ್ಲಿ ಹಾಕಿದ್ದು. ಬೆರಳಿಟ್ಟರೆ ಉಬ್ಬು ಸಿಗುತ್ತದೆ. ಪಿಚರ್, ಅಂದರೆ ಚೆಂಡು ಎಸೆಯುವವನು, ಆ ಉಬ್ಬಿಗೇ ಬೆರಳು ಕೊಟ್ಟು ಚೆಂಡನ್ನು ತಿರುಗಿಸುತ್ತಾನೆ. ಆ ಉಬ್ಬು ಗಾಳಿಯನ್ನೂ ಚೆನ್ನಾಗಿ ಹಿಡಿಯುತ್ತದೆ.

ಚೆಂಡಿನ ಮೇಲ್ಭಾಗ ಮುಂದಕ್ಕೆ ತಿರುಗುವಂತೆ ಎಸೆದರೆ ಅದು ಕರ್ವ್‌ಬಾಲ್. ಗಾಳಿ ಅದನ್ನು ಕೆಳಕ್ಕೆ ತಳ್ಳುತ್ತದೆ. ಉಲ್ಟಾ ತಿರುಗಿಸಿದರೆ ಫಾಸ್ಟ್‌ಬಾಲ್. ಗಂಟೆಗೆ 150 ಕಿ.ಮೀ. ವೇಗದ ಫಾಸ್ಟ್‌ಬಾಲ್ ಸ್ಪಿನ್ ಇಲ್ಲದಿದ್ದರೆ ದಾರಿಯಲ್ಲಿ ಮುಕ್ಕಾಲು ಮೀಟರಿಗಿಂತ ಜಾಸ್ತಿ ಇಳಿಯಬೇಕು. ಸ್ಪಿನ್ ಅದನ್ನು ಎತ್ತಿ ಹಿಡಿಯುವುದರಿಂದ ಅದರಲ್ಲಿ ಸುಮಾರು ಅರ್ಧದಷ್ಟೇ ಇಳಿಯುತ್ತದೆ. ಬ್ಯಾಟ್ಸ್‌ಮನ್‌ಗೆ ಚೆಂಡು ಮೇಲೇರಿ ಬಂದ ಹಾಗೆ ಅನ್ನಿಸುತ್ತದೆ. ಏರುವುದೇನೂ ಇಲ್ಲ, ಇಳಿಯಬೇಕಾದಷ್ಟು ಇಳಿದಿರುವುದಿಲ್ಲ, ಅಷ್ಟೇ.

ಕಣ್ಣಿನ ಮೋಸವಾ ಅಂತ ಕೇಳಿದೆಯಲ್ಲ, ಅಮೆರಿಕದಲ್ಲೂ ಬಹಳ ಕಾಲ ಈ ಜಗಳ ನಡೆದಿತ್ತು. ಲೈಮನ್ ಬ್ರಿಗ್ಸ್ ಎಂಬ ವಿಜ್ಞಾನಿ ಗಾಳಿ ಸುರಂಗದಲ್ಲಿ ಚೆಂಡು ತಿರುಗಿಸಿ ಅಳೆದರು. 1959ರಲ್ಲಿ ಅವರು ಕೊಟ್ಟ ಲೆಕ್ಕ: ಚೆಂಡು 17.5 ಇಂಚಿನವರೆಗೆ ಬಾಗಬಲ್ಲದು. ಆದರೆ ನೀನು ಹೇಳಿದ ಆ ‘ಗಪ್ಪನೆ’ ಮಾತ್ರ ಅರ್ಧ ಮೋಸವೇ. ಚೆಂಡು ಕೈಬಿಟ್ಟ ಗಳಿಗೆಯಿಂದಲೇ ಬಾಗುತ್ತಿರುತ್ತದೆ. ಬಾಗುವಿಕೆ ಸಮಯದ ವರ್ಗದಂತೆ ಬೆಳೆಯುತ್ತದೆ. ಅಂದರೆ ಅರ್ಧ ದಾರಿಗೆ ಕಾಲುಭಾಗ, ಉಳಿದ ಮುಕ್ಕಾಲು ಭಾಗವೆಲ್ಲ ಕೊನೆಯ ಅರ್ಧದಲ್ಲಿ. ಪಿಚರ್ ನಿಲ್ಲುವ ಜಾಗದಿಂದ ಬ್ಯಾಟರ್ ಪಕ್ಕದ ಹೋಮ್ ಪ್ಲೇಟಿಗೆ 60 ಅಡಿ 6 ಇಂಚು. ಗಂಟೆಗೆ 150 ಕಿ.ಮೀ. ವೇಗದ ಚೆಂಡು ತಲುಪಲು ಸುಮಾರು 0.4 ಸೆಕೆಂಡು. ಬ್ಯಾಟ್ ಬೀಸುವುದಕ್ಕೇ 0.15 ಸೆಕೆಂಡು ಬೇಕು. ಹಾಗಾಗಿ ಚೆಂಡು ಜೋರಾಗಿ ಬಾಗುವ ಹೊತ್ತಿಗೆ ಬೀಸಬೇಕೋ ಬೇಡವೋ ಎಂಬುದು ತೀರ್ಮಾನ ಆಗಿಬಿಟ್ಟಿರುತ್ತದೆ. ಹತ್ತು ಸಲ ಬ್ಯಾಟಿಗೆ ಬಂದು ಮೂರು ಸಲ ಹಿಟ್ ಪಡೆದವನನ್ನು ಅಲ್ಲಿ ದೊಡ್ಡ ಬ್ಯಾಟರ್ ಅನ್ನುವುದು ಸುಮ್ನೆ ಅಲ್ಲ.

ಪ್ರಶ್ನೆ: ಚೆಂಡು ಬ್ಯಾಟಿನ ಎಲ್ಲೆಲ್ಲೋ ತಾಗಿದರೆ ಕೈ ಜುಮ್ ಅನ್ನುತ್ತದೆ. ಬೇಸ್‌ಬಾಲ್ ಬ್ಯಾಟಿಗೂ ಹೀಗೇನಾ?
– ಹೈಸ್ಕೂಲ್ ಪಿ.ಟಿ. ಮಾಸ್ತರರು, ಹಾವೇರಿ

ಉತ್ತರ: ಹೀಗೇ ಮಾಸ್ತರ್ರೇ. ಹೊಡೆದ ಕೂಡಲೇ ಬ್ಯಾಟು ಬಾಗಿ ಕಂಪಿಸುತ್ತದೆ. ಆದರೆ ಅದರ ತುದಿಯಿಂದ ಆರೇಳು ಇಂಚು ಒಳಗೆ ಕಂಪನವೇ ಇಲ್ಲದ ಒಂದು ಜಾಗವಿದೆ. ಅಲ್ಲಿ ತಾಗಿದರೆ ಕೈಗೆ ಗೊತ್ತೂ ಆಗುವುದಿಲ್ಲ, ಚೆಂಡು ದೂರ ಹೋಗುತ್ತದೆ. ಅವರ ಕಷ್ಟ ಏನೆಂದರೆ ಬ್ಯಾಟು ದುಂಡಗಿರುತ್ತದೆ. ಎಲ್ಲಿ ದಪ್ಪವೋ ಅಲ್ಲೂ 2.61 ಇಂಚು ಮೀರುವಂತಿಲ್ಲ.

ಪ್ರಶ್ನೆ: ಎತ್ತರದ ಊರಲ್ಲಿ ಚೆಂಡು ದೂರ ಹೋಗುತ್ತದಂತೆ. ಹಾಗಾದರೆ ನಮ್ಮ ಧಾರವಾಡದಲ್ಲಿ ಸಿಕ್ಸ್ ಸುಲಭವಾ?
– ಗೃಹಿಣಿ, ಮಾಳಮಡ್ಡಿ

ಉತ್ತರ: ಮುಂಬೈಗಿಂತ ಒಂಚೂರು ಸುಲಭ ತಾಯಿ. ನಾವಿರುವುದು ಸಮುದ್ರಮಟ್ಟಕ್ಕಿಂತ ಸುಮಾರು 700 ಮೀಟರ್ ಮೇಲೆ. ಅಮೆರಿಕದ ಡೆನ್ವರ್ 1,600 ಮೀಟರ್ ಮೇಲಿದೆ. ಅಲ್ಲಿ ಗಾಳಿ ತೆಳು. 400 ಅಡಿ ಹೋಗುವ ಹೊಡೆತ ಇನ್ನೂ 20 ಅಡಿ ಹೋಗುತ್ತದೆ. ಪಿಚರ್‌ಗೆ ಎರಡೂ ಕಡೆಯಿಂದ ಏಟು, ಯಾಕೆಂದರೆ ತೆಳು ಗಾಳಿಯಲ್ಲಿ ಕರ್ವ್‌ಬಾಲ್ ಕೂಡ ಸರಿಯಾಗಿ ಬಾಗುವುದಿಲ್ಲ. ಒಣಗಿದ ಚೆಂಡು ಬ್ಯಾಟಿನಿಂದ ಇನ್ನೂ ಜೋರಾಗಿ ಸಿಡಿಯುತ್ತದೆಂದು 2002ರಿಂದ ಅಲ್ಲಿಯವರು ಚೆಂಡುಗಳನ್ನು ತೇವಾಂಶ ಹದವಾಗಿಟ್ಟ ಕೋಣೆಯಲ್ಲಿ ಇಡುತ್ತಿದ್ದಾರೆ. ಹೋಮ್ ರನ್, ಅಂದರೆ ಅವರ ಸಿಕ್ಸ್, ಕಡಿಮೆಯಾದವು.