ಆ ಕಾಗದದಲ್ಲಿ ಆಗ್ನೆಸ್ ಹೆಸರಿಲ್ಲ

ಪ್ರೀತಿಯ ಓದುಗರೆ,

ನಿಮ್ಮ ಪತ್ರ ಬಂತು. ಹೋದ ಸಂಚಿಕೆಯಲ್ಲಿ ಅಮೆರಿಕದ ನೆಬ್ರಾಸ್ಕಾದ ರೈತ ಡೇನಿಯಲ್ ಫ್ರೀಮನ್ ಬಗ್ಗೆ ನಾವು ಬರೆದಿದ್ದೆವು. 'ಮೂರು ಪುಟ ಗಂಡನ ಬಗ್ಗೆ, ಹೆಂಡತಿ ಆಗ್ನೆಸ್‌ಗೆ ಒಂದೇ ಸಾಲು. ಆಕೆ ಆ ಹೊಲದಲ್ಲಿ ಏನೂ ಮಾಡಲಿಲ್ಲವೇ?' ಎಂದು ಕೇಳಿದ್ದೀರಿ. ನನ್ನ ಅಜ್ಜ-ಅಜ್ಜಿಯ ಚರಿತ್ರೆ ಬರೆಯಲು ಕೂತಿದ್ದೇನೆ, ಕೈಯಲ್ಲಿರುವುದು ಹಳೇ ಪಹಣಿ ಮಾತ್ರ, ಅದರಲ್ಲಿ ಅಜ್ಜಿ ಎಲ್ಲೂ ಇಲ್ಲ ಎಂದೂ ಹೇಳಿದ್ದೀರಿ. ನಿಮ್ಮ ಪ್ರಶ್ನೆ ಸರಿಯಾಗಿದೆ, ತಪ್ಪು ನಮ್ಮದೇ. ಯಾಕೆ ಹಾಗಾಯಿತು ಅಂದರೆ, ನಾವು ಜಮೀನಿನ ಸರ್ಕಾರಿ ಕಾಗದವನ್ನು ನಂಬಿಕೊಂಡು ಬರೆದೆವು.

ಅಮೆರಿಕದ ಅಧ್ಯಕ್ಷ ಲಿಂಕನ್ 1862ರ ಮೇ 20ರಂದು, ಸರ್ಕಾರಿ ಜಮೀನನ್ನು ಉಳುವವರಿಗೆ ಕೊಡುವ ಹೋಮ್‌ಸ್ಟೆಡ್ ಕಾಯ್ದೆಗೆ ಸಹಿ ಹಾಕಿದರು. ಅರ್ಜಿ ಹಾಕಿ, 5 ವರ್ಷ ಅಲ್ಲೇ ಇದ್ದು ಉತ್ತರೆ 160 ಎಕರೆವರೆಗೆ ನಿಮ್ಮದು, ಶುಲ್ಕ ಎಲ್ಲ ಸೇರಿ 18 ಡಾಲರ್. ಕಾಯ್ದೆ ಜಾರಿಗೆ ಬಂದದ್ದು 1863ರ ಜನವರಿ 1ಕ್ಕೆ. ಅವತ್ತೇ ಅರ್ಜಿ ಹಾಕಿದವರು ನಾನೂರಕ್ಕೂ ಜಾಸ್ತಿ. ಡೇನಿಯಲ್ ಮಾತ್ರ ನಡುರಾತ್ರಿ ಕಳೆಯುತ್ತಲೇ ಬ್ರೌನ್‌ವಿಲ್‌ನ ಜಮೀನು ಕಚೇರಿಯನ್ನು ತೆರೆಸಿ ಮೊದಲಿಗರಾದರು ಎನ್ನುವುದು ಅವರ ಬಗ್ಗೆ ಹೇಳಿಕೊಂಡು ಬಂದ ಕಥೆ.

ಐದು ವರ್ಷ ಕಳೆದ ಮೇಲೆ, 1868ರ ಜನವರಿಯಲ್ಲಿ, ಜಮೀನು ಡೇನಿಯಲ್ ಹೆಸರಿಗೆ ಆಗಲು ಅವರನ್ನು ಬಲ್ಲ ಇಬ್ಬರು ಸಾಕ್ಷಿ ಹೇಳಿದರು. ಆ ಹೇಳಿಕೆ ಇವತ್ತಿಗೂ ಓದಲು ಸಿಗುತ್ತದೆ, ನನಗೆ ಅದು ತುಂಬಾ ಇಷ್ಟ. ಮನೆ 14ಕ್ಕೆ 20 ಅಡಿ, ಅರ್ಧ ಮರದ ದಿಮ್ಮಿಯದು, ಅರ್ಧ ಚೌಕಟ್ಟು ಕಟ್ಟಿ ಮಾಡಿದ್ದು. ಎರಡು ಬಾಗಿಲು, ಎರಡು ಕಿಟಕಿ, ಹಲಗೆಯ ನೆಲ. ಉತ್ತು ಬೇಲಿ ಹಾಕಿದ್ದು ಸುಮಾರು 35 ಎಕರೆ. ಒಂದು ಲಾಯ, 100 ಅಡಿ ಉದ್ದದ ಕುರಿ ಕೊಟ್ಟಿಗೆ, ಮೆಕ್ಕೆಜೋಳ ತುಂಬುವ ಕಣಜ. 40 ಸೇಬಿನ ಗಿಡ, ಸುಮಾರು 400 ಪೀಚ್ ಗಿಡ. ಕಿಟಕಿ ಎಷ್ಟು ಎಂದು ಎಣಿಸಿದವರು ಆ ಮನೆಯ ಹೆಂಗಸಿನ ಹೆಸರು ಬರೆಯಲಿಲ್ಲ. 'ಹೆಂಡತಿ ಮತ್ತು ಇಬ್ಬರು ಮಕ್ಕಳು', ಅಷ್ಟೇ.

ಇನ್ನೊಂದು ವಿಷಯ ನಿಮ್ಮ ಪತ್ರ ಬಂದ ಮೇಲೆ ನನಗೆ ಹೊಳೆಯಿತು. ಡೇನಿಯಲ್ 1863ರ ಜನವರಿ 1ರಿಂದಲೇ ಆ ಮನೆಯಲ್ಲಿ ವಾಸವಿದ್ದರು ಎಂದು ಸಾಕ್ಷಿಗಳು ಪ್ರಮಾಣ ಮಾಡುತ್ತಾರೆ. ಆದರೆ ಆ ರಾತ್ರಿ ಅವರು ಇದ್ದದ್ದು ಬ್ರೌನ್‌ವಿಲ್‌ನಲ್ಲಿ, ಜಮೀನು ಇರುವುದು ಅಲ್ಲಿಂದ ಸುಮಾರು 100 ಕಿಲೋಮೀಟರ್ ಆಚೆ ಬಿಯಾಟ್ರಿಸ್ ಊರಿನ ಹತ್ತಿರ. ಕಾನೂನಿಗೆ ಬೇಕಾದ ದಿನಾಂಕ ಕಾಗದಕ್ಕೆ ಬಂತು. ನಿಮ್ಮ ಪಹಣಿಯನ್ನೂ ಹೀಗೇ ಓದಿ. ಅದು ಸರ್ಕಾರ ಕೇಳಿದ ಪ್ರಶ್ನೆಗೆ ಉತ್ತರ, ನೀವು ಕೇಳುವ ಪ್ರಶ್ನೆಗಲ್ಲ.

ಈಗ ಆಗ್ನೆಸ್ ಸೂಟರ್. ಅಯೋವಾದ ಲೆಕ್ಲೇರ್ ಊರಿನವರು. ಅವರ ನಿಶ್ಚಿತಾರ್ಥ ಆಗಿದ್ದು ಡೇನಿಯಲ್ ಜೊತೆ ಅಲ್ಲ, ಡೇನಿಯಲ್‌ರ ತಮ್ಮ ಜೇಮ್ಸ್ ಜೊತೆ. ಅಂತರ್ಯುದ್ಧದಲ್ಲಿ ಜೇಮ್ಸ್ ತೀರಿಕೊಂಡರು. ಆಮೇಲೆ ಡೇನಿಯಲ್ ಮತ್ತು ಆಗ್ನೆಸ್ ನಡುವೆ ಪತ್ರ ಓಡಾಡಿದವು, ಮದುವೆಯ ಮಾತು ಬಂದದ್ದೂ ಪತ್ರದಲ್ಲೇ. 1865ರ ಫೆಬ್ರವರಿ 8ಕ್ಕೆ ಮದುವೆ. ತಮ್ಮನನ್ನು ಕಳೆದುಕೊಂಡ ಅಣ್ಣ, ಮದುವೆಯಾಗಬೇಕಿದ್ದವನನ್ನು ಕಳೆದುಕೊಂಡ ಹುಡುಗಿ, ಇಬ್ಬರೂ ಆ ಹುಲ್ಲುಗಾವಲಿನ 14 ಅಡಿ ಅಗಲದ ಮನೆಗೆ ಬಂದರು ಎನ್ನುವುದನ್ನು ಸ್ವಲ್ಪ ನಿಂತು ಯೋಚಿಸಿ ನೋಡಿ. 35 ಎಕರೆ ಉಳುಮೆ, ಕುರಿಗಳು, ಇಬ್ಬರು ಚಿಕ್ಕ ಮಕ್ಕಳು, 400 ಎಳೆ ಗಿಡ. ಇದು ಒಬ್ಬ ಗಂಡಸಿನ ಕೈಯಲ್ಲಿ ಆಗುವ ಕೆಲಸ ಅಲ್ಲ, ಒಂದು ಸಾಲು ಸಸಿ ನೆಟ್ಟು ಬೇಸಿಗೆ ದಾಟಿಸಿದವರಿಗೂ ಇದು ಗೊತ್ತು.

ನನಗೆ ಜಾಸ್ತಿ ನೋವಾಗುವುದು ಬೇರೆ ಕಡೆ. ಆ ಕಾಯ್ದೆಯಲ್ಲಿ 21 ತುಂಬಿದ, ಮದುವೆಯಾಗದ ಹೆಣ್ಣು ತನ್ನ ಹೆಸರಿನಲ್ಲೇ ಅರ್ಜಿ ಹಾಕಬಹುದಿತ್ತು. ವಿಧವೆಯೂ ಹಾಕಬಹುದಿತ್ತು. ಗಂಡನ ಜೊತೆ ಇರುವವಳಿಗೆ ಸಾಮಾನ್ಯವಾಗಿ ಆ ಹಕ್ಕು ಇರಲಿಲ್ಲ, ಗಂಡನೇ ಯಜಮಾನ. ಅಂದರೆ ಮದುವೆಯ ದಿನ ಆಗ್ನೆಸ್ ಕಾಗದದಿಂದ ಹೊರಗೆ ಹೋದರು.

ನಮ್ಮ ಲೇಖನದಲ್ಲಿ 'ಖಾಲಿ ನೆಲ' ಎಂದೂ ಬರೆದಿದ್ದೆವು. ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಆ ಸೀಮೆ ಓಟೋ-ಮಿಸ್ಸೂರಿಯಾ ಎಂಬ ಮೂಲನಿವಾಸಿ ಜನರದ್ದು. 1854ರ ಒಪ್ಪಂದದಲ್ಲಿ ಅವರನ್ನು ಬಿಗ್ ಬ್ಲೂ ನದಿಯ ಬಳಿ ಒಂದು ತುಂಡು ಜಾಗಕ್ಕೆ ಸೇರಿಸಿದರು, 1880ರ ದಶಕದ ಶುರುವಿನಲ್ಲಿ ಅಲ್ಲಿಂದಲೂ ದಕ್ಷಿಣಕ್ಕೆ, ಈಗಿನ ಒಕ್ಲಹೋಮಕ್ಕೆ ಕಳಿಸಿದರು. ಫ್ರೀಮನ್ ದಂಪತಿ ಗಿಡ ನೆಟ್ಟು ಮಕ್ಕಳನ್ನು ಬೆಳೆಸುತ್ತಿದ್ದಾಗ ಇವರು ಹತ್ತಿರದಲ್ಲೇ ಇದ್ದರು. ಇದನ್ನು ಬಿಟ್ಟು ಆ ಹೊಲದ ಕಥೆ ಹೇಳಬಾರದಿತ್ತು.

ಡೇನಿಯಲ್ 1908ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಆಗ್ನೆಸ್ 1931ರವರೆಗೆ ಬದುಕಿದ್ದರು, ಸುಮಾರು 22 ವರ್ಷ ಗಂಡನಿಲ್ಲದೆ. ಇಬ್ಬರ ಸಮಾಧಿಯೂ ಆ ಜಮೀನಿನಲ್ಲೇ ಇದೆ. 1936ರಲ್ಲಿ ಅಮೆರಿಕ ಸರ್ಕಾರ ಅದನ್ನು ರಾಷ್ಟ್ರೀಯ ಸ್ಮಾರಕ ಮಾಡಿತು.

ನಿಮ್ಮ ಚರಿತ್ರೆಗೆ ಬರೋಣ. ಪಹಣಿ ಇಟ್ಟುಕೊಳ್ಳಿ, ಅದು ಬೇಕು. ಆದರೆ ಬರೆಯುವುದನ್ನು ಅಲ್ಲಿಂದ ಶುರು ಮಾಡಬೇಡಿ. ಪತ್ರದ ಕೊನೆಯಲ್ಲಿ ಸುಮ್ನೆ ಒಂದು ಮಾತು ಬರೆದಿದ್ದೀರಿ, ಬಾವಿಯ ಪಕ್ಕದ ಹಲಸಿನ ಮರ ಅಜ್ಜಿ ನೆಟ್ಟಿದ್ದು ಎಂದು. ಆ ಮರ ಇನ್ನೂ ಇದೆಯಾ? ಸಸಿ ಎಲ್ಲಿಂದ ತಂದರು, ನೀರು ಹೊತ್ತವರು ಯಾರು, ಮೊದಲ ಹಣ್ಣು ಯಾರಿಗೆ ಕೊಟ್ಟರು, ಮನೆಯಲ್ಲಿ ಹಿರಿಯರು ಇರುವಾಗಲೇ ಕೇಳಿಟ್ಟುಕೊಳ್ಳಿ. ಎರಡು ಪುಟ ಬರೆದು ಕಳಿಸಿ, ಅಜ್ಜಿಯ ಹೆಸರು ಹಾಕಿಯೇ ಅಚ್ಚು ಮಾಡುತ್ತೇವೆ.

– ಸಂಪಾದಕ